ಕೇಳುವ ಮಾತು

ಇಂಗ್ಲಿಷಿನ 'ಆಸ್ಕ್' ಎಂಬ ಪದಕ್ಕೆ ಅರ್ಥವೇನೆಂದು ನಿಘಂಟನ್ನು ತೆರೆದು ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. 'ಆಸ್ಕ್' ಎಂದರೆ ಕೇಳು. ಅದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಪುಟ್ಟ ಪದದ ನೆರೆಹೊರೆಯನ್ನು ಒಮ್ಮೆ ಸುತ್ತಿ ಬಂದರೆ ಅದರ ಬಳಗ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. 'ಎನ್‌ಕ್ವೈರ್', 'ಕ್ವೆಶ್ಚನ್', 'ಇಂಟರಾಗೇಟ್', 'ರಿಕ್ವೆಸ್ಟ್', 'ಡಿಮಾಂಡ್', 'ಬೆಗ್', 'ಪ್ರೇ' – ಇವಕ್ಕೆಲ್ಲ ಒಂದಲ್ಲ ಒಂದು ಸಂದರ್ಭದಲ್ಲಿ 'ಕೇಳು' ಎಂದೇ ಅರ್ಥ. ಆದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದರೆ ಮಾತು ಕೆಡುತ್ತದೆ. ಕೆಲವು ವೇಳೆ ಸ್ನೇಹವೂ ಕೆಡುತ್ತದೆ.

ಒಂದು ಕೆಲಸಕ್ಕೆ ಇಷ್ಟೊಂದು ಪದಗಳೇಕೆ? ಉತ್ತರ ಇಂಗ್ಲೆಂಡಿನ ಚರಿತ್ರೆಯಲ್ಲಿದೆ. 'ಆಸ್ಕ್' ಆ ನಾಡಿನ ಹಳೆಯ ಒಕ್ಕಲು. ಪ್ರಾಚೀನ ಇಂಗ್ಲಿಷಿನಲ್ಲಿ ಅದಕ್ಕೆ 'ಆಸ್ಕ್', 'ಆಕ್ಸ್' ಎರಡೂ ರೂಪಗಳಿದ್ದವು. ಹದಿನಾಲ್ಕನೆಯ ಶತಮಾನದ ಚಾಸರ್ ಕವಿ ಎರಡನ್ನೂ ಬಳಸಿದ್ದಾನೆ. 1535ರಲ್ಲಿ ಅಚ್ಚಾದ ಕವರ್‌ಡೇಲನ ಬೈಬಲಿನಲ್ಲಿಯೂ 'ಆಕ್ಸ್' ಎಂಬುದಿದೆ. ಇಂದು ಯಾರಾದರೂ ಹಾಗೆ ನುಡಿದರೆ ಗ್ರಾಮ್ಯವೆಂದು ನಗುವವರಿದ್ದಾರೆ. ಬೈಬಲಿಗೆ ಸಲ್ಲುತ್ತಿದ್ದ ರೂಪ ಬೀದಿಯಲ್ಲಿ ನಗೆಪಾಟಲಾದದ್ದು ಭಾಷೆಯ ವಿನೋದಗಳಲ್ಲೊಂದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರೊಡನೆ ಫ್ರೆಂಚ್ ಬಂದಿತು. ಅರಮನೆಯಲ್ಲಿ, ನ್ಯಾಯಸ್ಥಾನದಲ್ಲಿ, ಸಿರಿವಂತರ ಮನೆಗಳಲ್ಲಿ ನೆಲೆಸಿತು. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನವಾಗುವುದಕ್ಕೆ 1362ರವರೆಗೆ ಕಾಯಬೇಕಾಯಿತು. ಫ್ರೆಂಚ್ ಜನಕ್ಕೆ ತಿಳಿಯದೆಂದು ಸಾರಿದ ಆ ಶಾಸನವನ್ನೂ ಫ್ರೆಂಚಿನಲ್ಲಿಯೇ ಬರೆದರು! ಅಷ್ಟು ಹೊತ್ತಿಗೆ 'ಕ್ವೆಶ್ಚನ್', 'ರಿಕ್ವೆಸ್ಟ್', 'ಡಿಮಾಂಡ್', 'ಪ್ರೇ' ಮೊದಲಾದವುಗಳಿಗೆ ಇಂಗ್ಲಿಷಿನ ಬಾಗಿಲು ತೆರೆದಿತ್ತು. ಆಮೇಲೆ ಪಂಡಿತರು ಲ್ಯಾಟಿನ್ನಿನಿಂದ 'ಇಂಟರಾಗೇಟ್'ನಂಥ ಪದಗಳನ್ನು ತಂದುಕೊಂಡರು. ಹೀಗೆ ಮೂರು ಅಂತಸ್ತುಗಳಾದವು: ನೆಲದ ಮಾತು, ದರ್ಬಾರಿನ ಮಾತು, ಗ್ರಂಥದ ಮಾತು.

ಈ ಪದಗಳನ್ನು ಬೇರ್ಪಡಿಸುವುದು ಕೇಳುವ ವಸ್ತುವಲ್ಲ. ಕೇಳುವವನು ಎಲ್ಲಿ ನಿಂತಿದ್ದಾನೆ, ಕೊಡಬೇಕಾದವನು ಎಲ್ಲಿ ಕುಳಿತಿದ್ದಾನೆ ಎಂಬ ಅಂತರ. 'ಆಸ್ಕ್' ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಗು ತಾಯಿಯನ್ನು, ತಾಯಿ ಮಗುವನ್ನು, ದಾರಿಹೋಕ ದಾರಿಹೋಕನನ್ನು 'ಆಸ್ಕ್' ಮಾಡಬಹುದು. 'ರಿಕ್ವೆಸ್ಟ್' ಎಂದೊಡನೆ ಮಾತು ಅಂಗಿಯ ಗುಂಡಿ ಹಾಕಿಕೊಳ್ಳುತ್ತದೆ. 'ಬೆಗ್' ಎಂದರೆ ಕೈ ಚಾಚುತ್ತದೆ. 'ಡಿಮಾಂಡ್' ಎಂದರೆ ಮೇಜನ್ನು ಗುದ್ದುತ್ತದೆ. 'ಇಂಟರಾಗೇಟ್' ಎಂದರೆ ಕೇಳುವವನು ಪೊಲೀಸ್ ಠಾಣೆಯಲ್ಲಿಯೋ ಸೈನ್ಯದಲ್ಲಿಯೋ ಇರುವ ಅಧಿಕಾರಿ. ಎದುರಿನವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ.

'ಕ್ವೆಶ್ಚನ್' ಪದದ ಸ್ವಭಾವ ಇನ್ನೂ ಸ್ವಾರಸ್ಯ. ನಾಮಪದವಾಗಿ ಅದು ಸಾಧು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅದನ್ನೇ ಕ್ರಿಯಾಪದ ಮಾಡಿದರೆ ಸಂಶಯದ ಹುಳಿ ಸೇರುತ್ತದೆ. ಕನ್ನಡದಲ್ಲಿಯೂ ಹಾಗೆಯೇ. 'ಅವರನ್ನು ಒಂದು ಪ್ರಶ್ನೆ ಕೇಳಿದೆ' ಎಂದರೆ ಯಾರಿಗೂ ನೋವಿಲ್ಲ. 'ಅವರನ್ನು ಪ್ರಶ್ನಿಸಿದೆ' ಎಂದರೆ ಜಗಳಕ್ಕೆ ಕಾಲು ಕೆರೆದಂತೆ.

'ಡಿಮಾಂಡ್' ಎಂಬ ಪದದ ತವರಿನಲ್ಲಿ, ಎಂದರೆ ಫ್ರೆಂಚಿನಲ್ಲಿ, ಅದಕ್ಕೆ ಇಷ್ಟು ಬಿರುಸಿಲ್ಲ. ಅಲ್ಲಿ ಅದು ಬರಿಯ 'ಕೇಳು'. ಇಂಗ್ಲೆಂಡಿಗೆ ಬಂದು ನ್ಯಾಯಾಲಯದ ನೀರು ಕುಡಿದ ಮೇಲೆ ಅದು ಹಕ್ಕಿನ ಮಾತಾಯಿತು. 'ಪ್ರೇ' ಎಂಬುದರ ಗತಿ ಬೇರೆ. ಷೇಕ್ಸ್‌ಪಿಯರನ ಕಾಲದಲ್ಲಿ ಅದು ಮನುಷ್ಯ ಮನುಷ್ಯನಿಗೆ ಹೇಳುವ 'ದಯವಿಟ್ಟು' ಆಗಿತ್ತು. ಈಗ ಅದಕ್ಕೆ ಮುಖ್ಯವಾಗಿ ಎರಡೇ ಆಶ್ರಯಗಳು: ಒಂದು ದೇವರ ಸನ್ನಿಧಿ, ಇನ್ನೊಂದು ನ್ಯಾಯಾಲಯ. ಅರ್ಜಿಯ ಕೊನೆಯಲ್ಲಿ ಬರುವ ಕೋರಿಕೆಗೆ ನಮ್ಮ ವಕೀಲರು ಇಂದಿಗೂ 'ಪ್ರೇಯರ್' ಎಂದೇ ಹೇಳುತ್ತಾರೆ.

ಇಂಥ ಸಮಾನಾರ್ಥಕಗಳನ್ನು ಶೇಖರಿಸಿದವರಲ್ಲಿ ಇಬ್ಬರನ್ನು ನೆನೆಯಬೇಕು. ಜಾರ್ಜ್ ಕ್ರ್ಯಾಬ್ 1816ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪದಪದಕ್ಕೂ ಇರುವ ಭೇದವನ್ನು ವಿವರಿಸಲು ಹೊರಟ. ವೃತ್ತಿಯಿಂದ ವೈದ್ಯನಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ತನ್ನ 'ಥೆಸಾರಸ್' ಹೊರತಂದಾಗ ಪದಗಳನ್ನು ಭಾವಾನುಸಾರ ಗುಂಪುಗೂಡಿಸಿದ. ಭೇದವನ್ನು ಓದುಗನ ವಿವೇಕಕ್ಕೆ ಬಿಟ್ಟ. ಆ ವಿವೇಕ ಬರುವುದು ಸಾಹಿತ್ಯದಿಂದ. ಡಿಕನ್ಸನ 'ಆಲಿವರ್ ಟ್ವಿಸ್ಟ್' ಕಾದಂಬರಿ 1837ರಿಂದ ಕಂತುಕಂತಾಗಿ ಪ್ರಕಟವಾಯಿತು. ಬಡವರನ್ನಿಟ್ಟು ದುಡಿಸುವ ಮನೆಯಲ್ಲಿ ಹಸಿದ ಅನಾಥ ಹುಡುಗನೊಬ್ಬ ಬಟ್ಟಲು ಹಿಡಿದು ಇನ್ನಷ್ಟು ಗಂಜಿ ಬೇಕೆನ್ನುತ್ತಾನೆ. ಅವನು ಆಡಿದ್ದು ವಿನಯದ ಮಾತೇ. ಆಡಳಿತ ಮಂಡಲಿಯ ಮಹನೀಯರಿಗೆ ಮಾತ್ರ ಅದು ದಂಗೆಯಂತೆ ಕೇಳಿಸುತ್ತದೆ. ಬಾಯಲ್ಲಿ 'ಆಸ್ಕ್' ಆಗಿದ್ದದ್ದು ಕಿವಿಯಲ್ಲಿ 'ಡಿಮಾಂಡ್' ಆಯಿತು. ಅರ್ಥಚ್ಛಾಯೆಯನ್ನು ನಿರ್ಧರಿಸುವವನು ಆಡುವವನೊಬ್ಬನೇ ಅಲ್ಲ.

ಇನ್ನು ನಮ್ಮ ಮನೆಗೆ ಬರೋಣ. ಇಂಗ್ಲಿಷ್ ಛಾಯೆಗೊಂದು ಹೊಸ ಪದವನ್ನು ಎರವಲು ತಂದರೆ, ಕನ್ನಡ ಅನೇಕ ವೇಳೆ ಇದ್ದ ಪದಕ್ಕೇ ಒಂದು ಬಾಲ ಸೇರಿಸಿ ಕೆಲಸ ಸಾಧಿಸುತ್ತದೆ. 'ಕೇಳು' ಎಂಬುದಕ್ಕೆ 'ಕೊಳ್ಳು' ಸೇರಿ 'ಕೇಳಿಕೊಳ್ಳು' ಆದರೆ ಕೇಳುವವನು ಒಂದು ಮೆಟ್ಟಿಲು ಕೆಳಗಿಳಿದ. 'ಬೇಡಿಕೊಳ್ಳು' ಎಂದರೆ ಇನ್ನೊಂದು ಮೆಟ್ಟಿಲು. 'ವಿಚಾರಿಸಿಕೊಳ್ಳು' ಎಂಬುದಂತೂ ಇಬ್ಬಾಯ ಕತ್ತಿ: ನೆಂಟರನ್ನು ವಿಚಾರಿಸಿಕೊಂಡರೆ ಅದು ಉಪಚಾರ; 'ಇರಲಿ, ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ' ಎಂದರೆ ಬೆದರಿಕೆ.

ಆದರೆ ಅನುವಾದದ ಒಂದು ಕಡೆ ನಾವು ನಿಂತು ಯೋಚಿಸಬೇಕು. 'ಡಿಮಾಂಡ್' ಎಂಬುದಕ್ಕೆ ನಾವು ರೂಢಿಸಿಕೊಂಡ ಪದ 'ಬೇಡಿಕೆ'. ಪೇಟೆಯ ಬೇಡಿಕೆಯೂ ಅದೇ, ಕಾರ್ಮಿಕರ ಬೇಡಿಕೆಯೂ ಅದೇ. ಅದರ ಬೇರು 'ಬೇಡು'. ಬೇಡುವುದು ಭಿಕ್ಷೆಯನ್ನು, ವರವನ್ನು. ದುಡಿದ ಕೂಲಿಯನ್ನು ಕೇಳುವವನ ಮಾತಿಗೂ ಜೋಳಿಗೆ ಹಿಡಿದವನ ಮಾತಿಗೂ ಬೇರು ಒಂದೇ ಆಯಿತು. ಸಂವಿಧಾನದ ಪ್ರಕಾರ ಸರ್ಕಾರ ತನ್ನ ಖರ್ಚಿನ ಹಣಕ್ಕಾಗಿ ಶಾಸನಸಭೆಯ ಮುಂದಿಡುವುದೂ 'ಅನುದಾನದ ಬೇಡಿಕೆ'ಯೇ. ಪ್ರಜೆಗಳ ಪ್ರತಿನಿಧಿಗಳ ಮುಂದೆ ಸರ್ಕಾರ ಬೇಡುವುದು ಒಂದು ವಿಧದಲ್ಲಿ ಉಚಿತವೇ ಎನ್ನಿ! ಕಾರ್ಮಿಕರ ವಿಷಯದಲ್ಲಿ ಮಾತ್ರ ಈ ಕೊರತೆ ಯಾರಿಗೋ ಚುಚ್ಚಿರಬೇಕು. 'ಹಕ್ಕೊತ್ತಾಯ' ಎಂಬ ಪದ ಬಳಕೆಗೆ ಬಂದಿತು. ಹಕ್ಕು ಎಂಬುದನ್ನು ಪದದ ಹಣೆಯ ಮೇಲೆಯೇ ಬರೆದಂತಾಯಿತು.

ಇದು ಬರಿಯ ಪದವಿನೋದವಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ನೋಡಿ. ಇಂಗ್ಲಿಷ್ ಮೂಲದಲ್ಲಿ ಪ್ರಜೆ ಮಾಡುವುದು 'ರಿಕ್ವೆಸ್ಟ್'. ವಿನಯದ ಪದವೇ. ಆದರೆ ಏಕೆ ಕೇಳುತ್ತೀರೆಂದು ಕಾರಣ ಕೇಳುವಂತಿಲ್ಲ ಎಂದು ಆರನೆಯ ಪ್ರಕರಣ ಹೇಳುತ್ತದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಏಳನೆಯ ಪ್ರಕರಣ ಹೇಳುತ್ತದೆ. ಪದ 'ರಿಕ್ವೆಸ್ಟ್', ಹಿಂದಿರುವ ಬಲ 'ಡಿಮಾಂಡ್'. ಹೀಗಿದ್ದರೂ ನಮ್ಮವರು ಬರೆಯುವ ಎಷ್ಟೋ ಅರ್ಜಿಗಳು 'ತಮ್ಮಲ್ಲಿ ಬೇಡಿಕೊಳ್ಳುತ್ತೇನೆ' ಎಂದೇ ಮುಗಿಯುತ್ತವೆ. ಕಾಯಿದೆ ಎತ್ತಿ ನಿಲ್ಲಿಸಿದ ಮನುಷ್ಯ ತನ್ನ ಮಾತಿನಿಂದ ತಾನೇ ಬಗ್ಗುತ್ತಾನೆ. ವಿನಯ ಬೇಡವೆಂದಲ್ಲ, ವಿನಯ ಬೇರೆ, ದೈನ್ಯ ಬೇರೆ. ಆ ವ್ಯತ್ಯಾಸವನ್ನು ಕಲಿಸುವುದಕ್ಕೇ ಭಾಷೆಯಲ್ಲಿ ಸಮಾನಾರ್ಥಕಗಳಿರುವುದು.

ಕನ್ನಡದ 'ಕೇಳು' ಪದಕ್ಕೆ ಇಂಗ್ಲಿಷಿನ ಆ ಇಡೀ ಬಳಗದಲ್ಲಿ ಯಾವುದಕ್ಕೂ ಇಲ್ಲದ ಒಂದು ಗುಣವುಂಟು. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ತಮಿಳಿನಲ್ಲಿಯೂ ಈ ಪದ ಹೀಗೆಯೇ ಎರಡು ಕೆಲಸ ಮಾಡುತ್ತದೆ. ಅನಾಥವಾದ ಊರನ್ನೋ ಮನೆಯನ್ನೋ ಕುರಿತು 'ಹೇಳುವವರಿಲ್ಲ, ಕೇಳುವವರಿಲ್ಲ' ಎನ್ನುತ್ತೇವೆ. ಅಲ್ಲಿ ಕೇಳುವವನು ಯಾರು? ಪ್ರಶ್ನಿಸುವವನೇ, ಕಿವಿಗೊಡುವವನೇ? ಇಬ್ಬರೂ ಹೌದು. ಮೇಜಿನ ಈಚೆ ನಿಂತು ಕೇಳುವವನಿಗೂ ಆಚೆ ಕುಳಿತು ಕೇಳಬೇಕಾದವನಿಗೂ ನಮ್ಮ ಭಾಷೆ ಒಂದೇ ಪದವನ್ನು ಕೊಟ್ಟಿದೆ. ಆಚೆಯವನು ತನ್ನ ಪಾಲಿನ ಅರ್ಥವನ್ನು ನೆನಪಿನಲ್ಲಿಟ್ಟುಕೊಂಡರೆ, ಈಚೆಯವನು ಬೇಡಿಕೊಳ್ಳಬೇಕಾಗಿಲ್ಲ, ಕೇಳಿದರೆ ಸಾಕು.