ಊರನ್ನು ಹಾಡಿದವರು



ಸುರಪುರ ಸೀಮೆಯ ಕೆಂಭಾವಿ 12ನೇ ಶತಮಾನದ ವಚನಕಾರ ಭೋಗಣ್ಣನ ಊರು. ಕೀಳು ಕುಲದವನೆಂದು ಜನ ದೂರವಿಟ್ಟ ಅತಿಥಿಯನ್ನು ಮನೆಗೆ ಕರೆದು ಉಣಿಸಿದ್ದಕ್ಕೆ ಅರಸ ಭೋಗಣ್ಣನನ್ನು ಊರಾಚೆ ಅಟ್ಟಿದ. ಆಗ ಊರಿನ ಲಿಂಗಗಳೆಲ್ಲ ಭೋಗಣ್ಣನ ಬೆನ್ನಿಗೇ ಹೊರಟವಂತೆ. ಹರಿಹರ ಕವಿ ಈ ಶರಣನ ಮೇಲೆ ರಗಳೆಯನ್ನೇ ಬರೆದ.

ಊರನ್ನು ಪ್ರೀತಿಸುವವನು ಊರಿನ ತಪ್ಪನ್ನೂ ತಿದ್ದಬೇಕು. ನಮ್ಮ ತತ್ವಪದಕಾರರು ಮಾಡಿದ್ದೂ ಇದನ್ನೇ. ಕಡಕೋಳದ ಮಡಿವಾಳಪ್ಪ ಪದ ಕಟ್ಟಿದರು. ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರೂ ಕನ್ನಡದಲ್ಲೇ ಹಾಡಿದರು. ಏಕತಾರಿಯ ಒಂದೇ ತಂತಿಗೆ ಜಾತಿ, ಮತಗಳ ಹಂಗಿರಲಿಲ್ಲ. ಇತ್ತ ಸುರಪುರದ ನಾಯಕರ ಆಸರೆಯಲ್ಲಿ ಕಲಾವಿದರು ದೇವರ ಕಥೆಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ, ಹೊಳೆಯುವ ಬಣ್ಣಗಳಲ್ಲಿ ಬಿಡಿಸಿದರು. ಕಿವಿಗೆ ಪದ, ಕಣ್ಣಿಗೆ ಚಿತ್ರ: ಎರಡೂ ಈ ಕರಿಮಣ್ಣಿನ ಸೀಮೆಯ ಸಿರಿ.

ಇಂದು ಸಂಜೆ ಮಕ್ಕಳನ್ನು ಭಜನೆಗೆ ಕರೆದೊಯ್ಯಿರಿ. ಒಂದು ಪದ ಕಲಿಸಿ. ಹಾಳೆ, ಬಣ್ಣ ಕೊಟ್ಟು ಭೋಗಣ್ಣನ ಹಿಂದೆ ನಡೆದ ಲಿಂಗಗಳನ್ನು ಬರೆಯಿಸಿ. ಆ ಹಾಳೆಗಳನ್ನು ಹೊಲಿದರೆ ನಿಮ್ಮ ಮನೆಯದೇ ಚಿತ್ರಪುಸ್ತಕ. ಅದನ್ನು ತಿರುವುತ್ತಾ ಬೆಳೆದ ಮಗು ಹೊಟ್ಟೆಪಾಡಿಗೆ ಎಲ್ಲಿಗೇ ಗುಳೆ ಹೋದರೂ ಊರನ್ನು ಎದೆಯಲ್ಲೇ ಒಯ್ಯುತ್ತದೆ.