ಸೇತುವೆ ಮುಳುಗಿದಾಗ ವ್ಯಾಪಾರ

ಚಿಕ್ಕೋಡಿ ತಾಲ್ಲೂಕಿನ ಸದಲಗಾ ಪಟ್ಟಣವು ದೂಧಗಂಗಾ ನದಿಯ ದಡದಲ್ಲಿದೆ. ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿಗೆ ಕೊಲ್ಲಾಪುರ ಜಿಲ್ಲೆಯ ಕಾಳಮ್ಮವಾಡಿಯಲ್ಲಿ ಅಣೆಕಟ್ಟುಂಟು. ವೇದಗಂಗೆಯನ್ನು ಕೂಡಿಕೊಂಡು ಮುಂದೆ ಅದು ಕೃಷ್ಣೆಯನ್ನು ಸೇರುತ್ತದೆ. ಮಳೆ ಬಲವಾಯಿತೆಂದರೆ ಈ ಸೀಮೆಯ ತಗ್ಗಿನ ಸೇತುವೆಗಳು ಒಂದೊಂದಾಗಿ ಮುಳುಗುವುವು: ದೂಧಗಂಗೆಯ ಮೇಲಿನ ಮಲಿಕವಾಡ–ದತ್ತವಾಡ, ವೇದಗಂಗೆಯ ಮೇಲಿನ ಜತ್ರಾಟ–ಭೀವಶಿ, ಕೃಷ್ಣೆಯ ಮೇಲಿನ ಕಲ್ಲೋಳ–ಯಡೂರ. 2019ರ ಆಗಸ್ಟಿನಲ್ಲಿ ನಿಪ್ಪಾಣಿಯ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಏರಿ, ಹಲವು ದಿನ ಸಂಚಾರ ನಿಂತಿತು. 2021ರ ಜುಲೈಯಲ್ಲಿ ಪುನಃ ಹಾಗೆಯೇ ಆಯಿತು.

ಶ್ರೋತೃ ಮಹಾಶಯರೇ, ಪ್ರವಾಹವೆಂದೊಡನೆ ನಾವು ಕುಸಿದ ಗೋಡೆಯನ್ನೂ ನೆನೆದ ಮೂಟೆಯನ್ನೂ ಭಾವಿಸಿಕೊಳ್ಳುತ್ತೇವೆ. ಆದರೆ ಅಂಗಡಿಗೆ ಒಂದು ಹನಿ ನೀರು ತಾಕದೆಯೂ ವ್ಯಾಪಾರ ನಿಲ್ಲಬಹುದು. ಗೋಡೆ ನಿಂತಿದೆ, ಮಾಲು ಒಣಗಿಯೇ ಇದೆ; ಆದರೆ ಕೀಲಿಕೈಯುಳ್ಳವನು ಹೊಳೆಯ ಆಚೆ, ಗಿರಾಕಿ ಈಚೆ. ಈ ಕಷ್ಟಕ್ಕೆ ಕಾನೂನಿನ ಕಣ್ಣೂ ಸುಲಭವಾಗಿ ತೆರೆಯುವುದಿಲ್ಲ. ವ್ಯಾಪಾರ ನಿಂತುದರಿಂದ ತಪ್ಪಿದ ಲಾಭವನ್ನು ಕೊಡುವ ವಿಮೆಯು ಸಾಮಾನ್ಯವಾಗಿ ವಿಮೆ ಮಾಡಿಸಿದ ಆಸ್ತಿಗೆ ಹಾನಿಯಾದ ಮೇಲೆಯೇ ಸಲ್ಲತಕ್ಕದ್ದು. ದಾರಿ ಕಟ್ಟಿದ್ದಕ್ಕೆ ಪರಿಹಾರ ಬೇಕಾದರೆ ಆ ಶರ್ತವನ್ನು ಬೇರೆಯಾಗಿ ಬರೆಯಿಸಿಕೊಳ್ಳಬೇಕು. ಅದರಲ್ಲಿಯೂ ದೂರದ ಮಿತಿ, ದಿನದ ಮಿತಿ ಮೊದಲಾದುವು ಇರುವುದುಂಟು. 2020ರ ಸಾಂಕ್ರಾಮಿಕದಲ್ಲಿ ಸುಸ್ಥಿತಿಯಲ್ಲಿದ್ದ ಅಂಗಡಿಗಳಿಗೆ ಬೀಗ ಬಿದ್ದಾಗ ಬ್ರಿಟನ್ನಿನಲ್ಲಿ ಇಂಥ ಶರ್ತಗಳ ಪದಪದದ ಮೇಲೂ ವಾದ ನಡೆದು, 2021ರ ಜನವರಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಬಹುಮಟ್ಟಿಗೆ ವಿಮೆ ಮಾಡಿಸಿದವರ ಪಕ್ಷವನ್ನು ಎತ್ತಿಹಿಡಿಯಿತು. ಅಷ್ಟು ದೂರ ಹೋಗುವ ಶಕ್ತಿ ಚಿಕ್ಕ ಅಂಗಡಿಯವನಿಗೆಲ್ಲಿಯದು? ವಿಮಾಪತ್ರವನ್ನು ಮಳೆಗಾಲಕ್ಕೆ ಮುಂಚೆ ಓದಿಸಿ ಕೇಳುವುದು ಅವನಿಗೆ ಅಗ್ಗ.

ಹಾಗಾದರೆ ಮೊದಲು ಹೊರಕ್ಕೆ ಸಾಗಿಸಬೇಕಾದುದು ಯಾವುದು? ಮಾಲೆಂದು ಅನೇಕರು ಹೇಳುವರು. ನಮ್ಮ ಅಭಿಪ್ರಾಯ ಹಾಗಲ್ಲ. ಈ ಕಡೆಯ ಊರುಗಳಲ್ಲಿ ಗೊಬ್ಬರ, ಬೀಜ, ದಿನಸಿಗಳ ವ್ಯಾಪಾರದ ಬಹುಭಾಗ ಉದ್ರಿಯದು. ಕಬ್ಬಿನ ಹಣ ಬಂದಾಗ ಬಾಕಿ ತೀರುವುದು. ಕೀರ್ದಿ, ಖಾತೆ ಕೈಯಲ್ಲಿಲ್ಲದಿದ್ದರೆ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದೇ ತಿಳಿಯದು. ಇವುಗಳ ಪ್ರತಿಯೊಂದು ಎತ್ತರದ ಊರಿನ ನೆಂಟರ ಮನೆಯಲ್ಲಿರಲಿ. ಈಗ ಲೆಕ್ಕವೆಲ್ಲ ಫೋನಿನಲ್ಲಿದೆಯೆಂದು ತರುಣರು ನಗಬಹುದು. ವಿದ್ಯುತ್ತು ಹೋದ ಮೂರನೆಯ ದಿನ ಅವರೂ ಕಾಗದವನ್ನು ಹುಡುಕುವರು. ಎರಡನೆಯ ಕೀಲಿಕೈಯೂ, ಸಾಲ ಕೊಡುವ, ಮಾಲು ತರಿಸುವ ಅಧಿಕಾರವೂ ಊರೊಳಗಿನ ಒಬ್ಬ ನಂಬಿಕಸ್ಥನ ಬಳಿ ಇರಬೇಕು. ಯಜಮಾನರಿಗೆ ಎಲ್ಲಕ್ಕಿಂತ ಕಷ್ಟವೆನಿಸುವುದು ಇದೇ.

ಒಂದು ವಿಧದಲ್ಲಿ ಸಕ್ಕರೆ ಕಾರ್ಖಾನೆಗಳು ಪುಣ್ಯವಂತವಾದುವು; ಆಗಸ್ಟಿನಲ್ಲಿ ಅವು ಕಬ್ಬನ್ನು ನುರಿಸುವುದಿಲ್ಲ. ಹಾಲಿಗೆ ಅಂಥ ಬಿಡುವಿಲ್ಲ. ಎಮ್ಮೆ ಎರಡು ಹೊತ್ತೂ ಕರೆಯುತ್ತದೆ, ಸೇತುವೆಯನ್ನು ಅದು ಕೇಳುವುದಿಲ್ಲ. ಹಾಲಿನ ಸಂಘಗಳು ಎದುರು ದಡದ ಸಂಘದೊಡನೆ ಬೇಸಗೆಯಲ್ಲಿಯೇ ಮಾತಾಡಿಕೊಂಡು, ದಾರಿ ಕಟ್ಟಿದ ದಿನ ಒಂದರ ಹಾಲನ್ನು ಮತ್ತೊಂದು ಅಳೆದುಕೊಂಡು ಲೆಕ್ಕವನ್ನು ಆಮೇಲೆ ತೀರಿಸಿಕೊಳ್ಳುವಂತೆ ಬರೆದಿಟ್ಟುಕೊಳ್ಳಬಹುದು. ಔಷಧದ ಅಂಗಡಿಗಳಿಗೂ ಇಂಥದೇ ಒಪ್ಪಂದ ಬೇಕು. ಸಕ್ಕರೆ ರೋಗದವನ ಚುಚ್ಚುಮದ್ದು ನೀರಿಳಿಯುವವರೆಗೆ ಕಾಯದು.

ಭೂಕಂಪದಂತೆ ಈ ಹೊಳೆ ಹೇಳದೆ ಬರುವುದಿಲ್ಲ. ಘಟ್ಟದಲ್ಲಿ ಬಿದ್ದ ಮಳೆಯೂ ಅಣೆಕಟ್ಟಿನಿಂದ ಬಿಟ್ಟ ನೀರೂ ಇಲ್ಲಿಗೆ ತಲಪಲು ಹೊತ್ತು ಹಿಡಿಯುತ್ತದೆ. ತಗ್ಗಿನ ಸೇತುವೆ ಮೊದಲು ಮುಳುಗುತ್ತದೆ. ಸದಲಗೆಯ ವರ್ತಕರು ಇದನ್ನೇ ಗಡಿಯಾರವನ್ನಾಗಿ ಮಾಡಿಕೊಳ್ಳಬಹುದು: ಮಲಿಕವಾಡದ ಸೇತುವೆಯ ಮೇಲೆ ನೀರು ಬಂದಿತೆಂಬ ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಖಾತೆಯ ಪ್ರತಿ ಎತ್ತರದ ಊರಿಗೆ ಹೊರಡಲಿ, ಕೀಲಿಕೈ ಕೈ ಬದಲಾಗಲಿ.