ಶಾಲೆಯ ಆಯ್ಕೆಯೂ ಶರಣಧರ್ಮವೂ
(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ತಾಯಿತಂದೆಗಳು ಮಕ್ಕಳಿಗೆ ಶಾಲೆಯನ್ನು ಆರಿಸುವಾಗ ಎರಡು ಸಂಗತಿಗಳನ್ನು ನೋಡುವರು. ಆ ಶಾಲೆಯಲ್ಲಿ ಏನೇನು ಅನುಕೂಲವಿರುವದೆಂಬುದು ಒಂದು. ಅಲ್ಲಿ ಯಾರ ಯಾರ ಮಕ್ಕಳು ಓದುತ್ತಿರುವರೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಹಿರಂಗವಾಗಿ ಹೇಳುವರು. ಎರಡನೆಯದನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳುವರು.

ಅನುಕೂಲದ ಮಾತು ಕ್ಷುಲ್ಲಕವಾದುದಲ್ಲ. ಶೌಚಗೃಹವಿಲ್ಲದ ಶಾಲೆಗೆ ಬೆಳೆದ ಮಗಳನ್ನು ಯಾವ ತಾಯಿಯು ನಿಶ್ಚಿಂತೆಯಿಂದ ಕಳುಹಿಸಿಯಾಳು? ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಕುಡಿಯುವ ನೀರು, ಗಂಡುಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಗೃಹ, ಆಟದ ಬಯಲು, ಗ್ರಂಥಾಲಯ ಇವುಗಳನ್ನು ಪ್ರತಿಯೊಂದು ಶಾಲೆಗೂ ವಿಧಿಸಿರುವದು. ಅದೇ ಕಾಯಿದೆಯ ಲೆಕ್ಕದಂತೆ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ೬೦ ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿಗಳಿಗೆ ಇಬ್ಬರು! ಒಬ್ಬರು ಸಭೆಗೋ ಗಣತಿಗೋ ಹೋದ ದಿನ ಐದೂ ಒಬ್ಬರ ಪಾಲು. ಇದನ್ನು ಕಂಡ ಕೂಲಿಕಾರನು ಸಾಲ ಮಾಡಿಯಾದರೂ ಮಗುವನ್ನು ಖಾಸಗಿ ಶಾಲೆಯ ಬಸ್ಸು ಹತ್ತಿಸಿದರೆ ಅವನನ್ನು ಹಳಿಯಲಾಗದು. ಇಂಗ್ಲಿಷಿನ ಮೇಲಣ ಜನರ ಒಲವನ್ನರಿತೇ ಸರ್ಕಾರವು ೨೦೧೯ರಲ್ಲಿ ೧೦೦೦ ಸರ್ಕಾರಿ ಶಾಲೆಗಳಲ್ಲಿ ಆ ಮಾಧ್ಯಮದ ತರಗತಿಗಳನ್ನು ತೆರೆಯಿತು.

ಆದರೆ ಮುಂದೆ ನಡೆಯುವದನ್ನು ಗಮನಿಸಿರಿ. ಊರಿನ ಶಾಲೆಯನ್ನು ಮೊದಲು ಬಿಡುವವರು ಉಳ್ಳವರು. ಸೂರು ಸೋರಿದರೆ ಕಚೇರಿಗೆ ಹೋಗಿ ಕೇಳುವ ಧೈರ್ಯವುಳ್ಳವರೂ ಅವರೇ. ಅವರು ಹೋದ ಮೇಲೆ ಶಾಲೆಯ ಸಮಿತಿಯಲ್ಲಿ ದನಿಯೆತ್ತುವವರು ವಿರಳರಾಗುವರು, ಮಕ್ಕಳ ಸಂಖ್ಯೆ ತಗ್ಗಿ ಶಿಕ್ಷಕರು ಬೇರೆಡೆಗೆ ವರ್ಗವಾಗುವರು, ಉಳಿದವರು “ಅಲ್ಲಿ ಇನ್ನು ಯಾರ ಮಕ್ಕಳಿದ್ದಾರೆ?” ಎಂದು ತಾವೂ ಹೊರಡುವರು. ಸೌಕರ್ಯವಿಲ್ಲದ್ದರಿಂದ ಜನರು ಬಿಟ್ಟರೋ, ಜನರು ಬಿಟ್ಟದ್ದರಿಂದ ಸೌಕರ್ಯ ಹೋಯಿತೋ ಎಂಬುದು ಬೀಜವೃಕ್ಷನ್ಯಾಯದಂತಾಗುವದು.

ಇದರೊಳಗೆ ಜಾತಿಯು ಸೇರಿಕೊಂಡಾಗ ರೋಗವು ಇನ್ನೂ ಆಳವಾಗುವದು. ೨೦೨೫ರಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಗ್ರಾಮದಲ್ಲಿ ಬಿಸಿಯೂಟದ ಅಡಿಗೆಗೆ ದಲಿತ ಮಹಿಳೆಯು ಬಂದ ಮೇಲೆ ಹೆಚ್ಚಿನ ಮಕ್ಕಳನ್ನು ಶಾಲೆಯಿಂದ ಬಿಡಿಸಲಾಯಿತೆಂದು ಪತ್ರಿಕೆಗಳು ವರದಿಮಾಡಿದವು. ಪಾಠ ಸರಿಯಿಲ್ಲವೆಂಬ ಕಾರಣವನ್ನೂ ಪೋಷಕರು ಹೇಳಿದರು. ಬಹಿರಂಗದ ಕಾರಣ ಯಾವುದು, ಅಂತರಂಗದ ಕಾರಣ ಯಾವುದು ಎಂಬುದನ್ನು ಇಂಥಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಇಷ್ಟಲಿಂಗದ ಸಾಕ್ಷಿಯಾಗಿ ಕೇಳಿಕೊಳ್ಳಬೇಕು.

ಏಕೆಂದರೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯನವರನ್ನು ಹಿರಿಯರೆಂದು ಪೂಜಿಸುವ ನಾವು, ಅವರ ಕಾಯಕದವರ ಮಕ್ಕಳ ಪಕ್ಕದಲ್ಲಿ ನಮ್ಮ ಮಕ್ಕಳನ್ನು ಕೂಡಿಸಲು ಹಿಂಜರಿದರೆ ಆ ಪೂಜೆಗೆ ಅರ್ಥವೇನು? ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳವರು (೧೯೦೭–೨೦೧೯) ಎಲ್ಲ ಜಾತಿಗಳ ಸಾವಿರಾರು ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಅನ್ನ ಅಕ್ಷರ ಆಶ್ರಯಗಳನ್ನಿತ್ತರು. ಪಂಕ್ತಿಯಲ್ಲಿ ಪಕ್ಕದವನಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ವಿದ್ಯೆಗೂ ಅದರಿಂದ ಕುಂದು ಬರಲಿಲ್ಲ.

ಆದಕಾರಣ ನನ್ನ ಬಿನ್ನಹವು ಎರಡು. ಭಕ್ತರು ಊರಿನ ಶಾಲೆಯನ್ನು ಬಿಡುವ ಮುನ್ನ ಒಮ್ಮೆ ಅದರ ಸಮಿತಿಯಲ್ಲಿ ಕುಳಿತು, ನೀರು, ಸೂರು, ಶಿಕ್ಷಕರಿಗಾಗಿ ಕೇಳಿ ನೋಡತಕ್ಕದ್ದು. ಮಠಗಳ ಹೆಸರಿನಲ್ಲಿ ನಡೆಯುವ ಶಾಲೆಗಳಾದರೋ, ಶುಲ್ಕವೆಂಬ ಗೋಡೆಯಿಂದ ಬಡವರನ್ನು ಹೊರಗಿಡದೆ, ಪ್ರತಿ ತರಗತಿಯಲ್ಲಿಯೂ ಎಲ್ಲ ಕಾಯಕದವರ ಮಕ್ಕಳಿಗೆ ಸ್ಥಳವಿರುವಂತೆ ನೋಡಿಕೊಳ್ಳತಕ್ಕದ್ದು. ಕಟ್ಟಡಕ್ಕೆ ದಾಸೋಹ ಮಾಡುವವರು ನಮ್ಮಲ್ಲಿ ಬಹು ಮಂದಿ ಇರುವರು. ತಮ್ಮ ಮಗುವಿನ ಪಕ್ಕದ ಜಾಗವನ್ನು ಬಡವನ ಮಗುವಿಗೆ ಬಿಟ್ಟುಕೊಡುವದೂ ದಾಸೋಹವೇ ಎಂದು ನಂಬಿ ವಿರಮಿಸುವೆನು.